ಮಳೆ, ಬೆಳೆ ಮತ್ತು ಅಕ್ಷರ ಹಿಡಿದು ಪದ ಹುಡುಕುವ ಆಟ

(ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಈ ಬಡಾವಣೆಯ ಹೆಸರಿನಿಂದಲೇ ಆರಂಭಿಸೋಣ. 'ಖೂಬಾ' ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರೆ ಐದು ಅಕ್ಷರಗಳಾಗುತ್ತವೆ: ಕೆ, ಎಚ್, ಯು, ಬಿ, ಎ. ಈ ಐದೂ ಅಕ್ಷರಗಳು ಒಳಗಿರುವ ಇಂಗ್ಲಿಷ್ ಪದವೊಂದನ್ನು ಹೇಳಬೇಕು. ಅಕ್ಷರಗಳು ಇದೇ ಕ್ರಮದಲ್ಲಿ ಬರಬೇಕೆಂದಿಲ್ಲ. ನಡುವೆ ಬೇರೆ ಅಕ್ಷರಗಳು ಎಷ್ಟಾದರೂ ಇರಬಹುದು. ಪದ ಉದ್ದವಾದಷ್ಟೂ ಒಳ್ಳೆಯದು. ಆಟದ ನಿಯಮ ಇಷ್ಟೇ.

ಮೊದಲು ಯಾರಿಗೂ ಏನೂ ಹೊಳೆಯುವುದಿಲ್ಲ. ಪದಕೋಶ ತೆರೆದರೂ ಪ್ರಯೋಜನವಿಲ್ಲ. ಪದಕೋಶ ಪದಗಳನ್ನು ಜೋಡಿಸುವುದು ಮೊದಲ ಅಕ್ಷರ ನೋಡಿ; ನಮಗೆ ಬೇಕಾದದ್ದು ಪದದ ಹೊಟ್ಟೆಯೊಳಗೆ ಏನಿದೆ ಎಂಬುದು. ಮನೆಯ ಬಾಗಿಲ ಸಂಖ್ಯೆ ಗೊತ್ತಿದ್ದರೆ ವಿಳಾಸ ಸಿಗುತ್ತದೆ, 'ಹಿತ್ತಲಲ್ಲಿ ಬೇವಿನ ಮರವಿರುವ ಮನೆ ಯಾವುದು' ಎಂದು ಕೇಳಿದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಾನೆ.

ಸ್ವಲ್ಪ ಹೊತ್ತು ಕುಳಿತರೆ ಪದಗಳು ಒಂದೊಂದಾಗಿ ಬರುತ್ತವೆ. 'ಬಲ್ಕ್‌ಹೆಡ್', ಹಡಗಿನ ಒಳಗಿನ ಅಡ್ಡಗೋಡೆ, ಎಂಟು ಅಕ್ಷರ. 'ಥಂಬ್‌ಟ್ಯಾಕ್', ನೋಟಿಸ್ ಬೋರ್ಡಿಗೆ ಚುಚ್ಚುವ ಡ್ರಾಯಿಂಗ್ ಪಿನ್ನಿಗೆ ಅಮೆರಿಕದವರು ಇಟ್ಟ ಹೆಸರು, ಒಂಬತ್ತು. 'ಬಕ್‌ವೀಟ್', ಉತ್ತರ ಭಾರತದವರು ಉಪವಾಸದ ದಿನ ಹಿಟ್ಟು ಮಾಡಿ ತಿನ್ನುವ ಕುಟ್ಟು, ಅದೂ ಒಂಬತ್ತು. ಗೂನುಬೆನ್ನಿಗೆ ಹೇಳುವ 'ಹಂಚ್‌ಬ್ಯಾಕ್' ಕೂಡ ಒಂಬತ್ತೇ. ಸಾಮಾನ್ಯವಾಗಿ ಆಟಗಾರರು ಇಲ್ಲಿಗೆ ನಿಲ್ಲುತ್ತಾರೆ.

ಇನ್ನೂ ಮುಂದೆ ಹೋಗಲು ಒಂದು ಉಪಾಯವಿದೆ. ಐದು ಅಕ್ಷರಗಳನ್ನು ಬಿಡಿಬಿಡಿಯಾಗಿ ನೋಡದೆ, ಪದ ಕಟ್ಟುವ ತುಂಡುಗಳಾಗಿ ನೋಡಬೇಕು. ಯು ಅಕ್ಷರ ಎಲ್ಲಿ ಸಿಗುತ್ತದೆ? 'ಅನ್' ಎಂಬ ಪೂರ್ವಪ್ರತ್ಯಯದಲ್ಲಿ. ಎ ಮತ್ತು ಬಿ? 'ಏಬಲ್' ಎಂಬ ಕೊನೆಯ ಪ್ರತ್ಯಯದಲ್ಲಿ ಎರಡೂ ಇವೆ. ಅಲ್ಲಿಗೆ ಮೂರು ಅಕ್ಷರಗಳ ಲೆಕ್ಕ ಮುಗಿಯಿತು. ಉಳಿದದ್ದು ಕೆ ಮತ್ತು ಎಚ್. ಈ ಎರಡೂ ಇರುವ ಕ್ರಿಯಾಪದವೊಂದು ಸಿಕ್ಕರೆ ಸಾಕು. ಎಚ್ ಒಂಟಿಯಾಗಿ ಓಡಾಡುವುದು ಕಡಿಮೆ. ಹೆಚ್ಚಾಗಿ ಟಿ, ಎಸ್ ಅಥವಾ ಸಿ ಜೊತೆಗಿರುತ್ತದೆ. ಟಿಎಚ್ ಹಿಡಿದರೆ 'ಥಿಂಕ್' ಬಂತು. ಎಸ್‌ಎಚ್ ಹಿಡಿದರೆ 'ಶೇಕ್' ಬಂತು. ಈಗ ಎರಡು ಕಡೆಯೂ ತುಂಡು ಜೋಡಿಸಿ: 'ಅನ್‌ಥಿಂಕಬಲ್', ಯೋಚಿಸಲೂ ಆಗದ್ದು. 'ಅನ್‌ಶೇಕಬಲ್', ಅಲುಗಾಡಿಸಲಾಗದ್ದು. ಎರಡರಲ್ಲೂ ಹನ್ನೊಂದು ಅಕ್ಷರ. ಮೊದಲನೆಯದಕ್ಕೆ 'ನೆಸ್' ಸೇರಿಸಿದರೆ 'ಅನ್‌ಥಿಂಕಬಲ್‌ನೆಸ್', ಹದಿನೈದು. ಕೇಳಲು ಚಂದವಿಲ್ಲ, ಆದರೆ ದೊಡ್ಡ ಪದಕೋಶಗಳಲ್ಲಿದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹುಡುಗಿಯರು ಉದ್ದದ ಇಂಗ್ಲಿಷ್ ಪದ ಕಂಡರೆ ಹೆದರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹದಿನೈದು ಅಕ್ಷರಗಳನ್ನು ಒಂದರ ಹಿಂದೆ ಒಂದು ಬಾಯಿಪಾಠ ಮಾಡುವವರಿಗೆ ಹೆದರಿಕೆ ಸಹಜ. 'ಅನ್', 'ಥಿಂಕ್', 'ಏಬಲ್', 'ನೆಸ್' ಎಂದು ನಾಲ್ಕು ತುಂಡು ಕಂಡವರಿಗೆ ಅದು ನಾಲ್ಕೇ ಸಂಗತಿ. ಒಂದೂ ಅಕ್ಷರ ಎರಡು ಸಲ ಬರದ ಇಂಗ್ಲಿಷಿನ ಉದ್ದ ಪದಗಳಲ್ಲಿ ಪ್ರಸಿದ್ಧವಾದದ್ದು 'ಅನ್‌ಕಾಪಿರೈಟಬಲ್'. ಹದಿನೈದು ಅಕ್ಷರ, ಹದಿನೈದೂ ಬೇರೆ ಬೇರೆ. ಅಲ್ಲಿಯೂ ಮುಂದೆ 'ಅನ್', ಹಿಂದೆ 'ಏಬಲ್' ಇರುವುದನ್ನು ಗಮನಿಸಿ.

ಯಂತ್ರ ಈ ಉಪಾಯವನ್ನೆಲ್ಲ ಬಳಸುವುದಿಲ್ಲ. ಕಂಪ್ಯೂಟರಿಗೆ ಎರಡು ಮೂರು ಲಕ್ಷ ಪದಗಳ ಪಟ್ಟಿ ಕೊಟ್ಟರೆ ಒಂದೊಂದನ್ನೂ ತೆಗೆದು, ಐದು ಅಕ್ಷರಗಳಿವೆಯೇ ಎಂದು ನೋಡಿ, ಇಲ್ಲದ್ದನ್ನು ಬಿಸಾಡಿ, ಉಳಿದದ್ದನ್ನು ಉದ್ದದ ಪ್ರಕಾರ ಸಾಲಾಗಿ ನಿಲ್ಲಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅದಕ್ಕೆ ಥಿಂಕ್ ಎಂದರೇನೆಂದು ತಿಳಿಯಬೇಕಾಗಿಲ್ಲ. ಹಾಗಾಗಿ ಉತ್ತರ ಬೇಕಾದವರು ಯಂತ್ರವನ್ನು ಕೇಳಬಹುದು. ಭಾಷೆ ಬೇಕಾದವರು ಕಾಗದ ಪೆನ್ಸಿಲ್ ಹಿಡಿದು ಕೂರುವುದೇ ಲೇಸು.

ಈ ಬಗೆಯ ಆಟಗಳು ಪಶ್ಚಿಮದಲ್ಲಿ ಬಹಳ ಬೆಳೆದವು. ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು, ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಪತ್ರಿಕೆಗಳ ಪುಟಗಳಲ್ಲಿ ಎಣಿಸಿ ಒಂದು ಆಟ ಕಟ್ಟಿದ. 1948ರಿಂದ ಅದಕ್ಕೆ ಸ್ಕ್ರ್ಯಾಬಲ್ ಎಂದು ಹೆಸರು. ನೂರು ಬಿಲ್ಲೆಗಳಲ್ಲಿ 'ಇ' ಹನ್ನೆರಡು ಇವೆ, ತಲಾ ಒಂದು ಅಂಕ. 'ಕ್ಯೂ' ಮತ್ತು 'ಝಡ್' ಒಂದೊಂದೇ ಇವೆ, ತಲಾ ಹತ್ತು ಅಂಕ. ಅಪರೂಪದ ಅಕ್ಷರಕ್ಕೆ ಬೆಲೆ ಹೆಚ್ಚು. ಫ್ರಾನ್ಸಿನ ದೂರದರ್ಶನದಲ್ಲಿ 1965ರಲ್ಲೇ ಕೊಟ್ಟ ಅಕ್ಷರಗಳಿಂದ ಅತಿ ಉದ್ದದ ಪದ ಕಟ್ಟುವ ಸ್ಪರ್ಧೆ ಆರಂಭವಾಯಿತು. ಅದರ ಮಾದರಿಯಲ್ಲಿ ಬ್ರಿಟನ್ನಿನ ಚಾನೆಲ್ ಫೋರ್ 1982ರಲ್ಲಿ 'ಕೌಂಟ್‌ಡೌನ್' ಆರಂಭಿಸಿತು. ಒಂಬತ್ತು ಅಕ್ಷರ, ಮೂವತ್ತು ಸೆಕೆಂಡು. ಉದ್ದದ ಹುಚ್ಚು ಎಲ್ಲಿಗೆ ಹೋಯಿತೆಂದರೆ, 1935ರಲ್ಲಿ ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷನೊಬ್ಬ ಶ್ವಾಸಕೋಶದ ಕಾಯಿಲೆಯೊಂದಕ್ಕೆ ನಲವತ್ತೈದು ಅಕ್ಷರದ ಹೆಸರು ಹೊಸೆದ. ವೈದ್ಯರು ಅದನ್ನು ಬಳಸುವುದಿಲ್ಲ, ಸಿಲಿಕೋಸಿಸ್ ಎಂದಷ್ಟೇ ಹೇಳುತ್ತಾರೆ. ಆದರೂ ಪದಕೋಶಗಳು ಅದನ್ನು ಸೇರಿಸಿಕೊಂಡವು.

ಉದ್ದದ ಮಾತೇ ಆದರೆ ನಮ್ಮ ನಾಡಿನ ಎದುರು ಈ ನಲವತ್ತೈದು ಏನೂ ಅಲ್ಲ. ವಿಜಯನಗರದ ಅರಸ ಅಚ್ಯುತದೇವರಾಯನ ರಾಣಿ ತಿರುಮಲಾಂಬೆ 16ನೇ ಶತಮಾನದಲ್ಲಿ 'ವರದಾಂಬಿಕಾ ಪರಿಣಯ ಚಂಪೂ' ಎಂಬ ಸಂಸ್ಕೃತ ಕಾವ್ಯ ಬರೆದಳು. ಅದರಲ್ಲಿ ಕಂಚಿಯ ಸುತ್ತಲಿನ ನಾಡನ್ನು ಬಣ್ಣಿಸುವ ಒಂದೇ ಒಂದು ಸಮಾಸಪದವಿದೆ. ಬಾಯಾರಿದ ದಾರಿಗರು, ಅರವಟ್ಟಿಗೆಯ ತಂಪು ನೀರು, ನೀರು ಕೊಡುವ ಹುಡುಗಿಯರು ಎಲ್ಲ ಆ ಒಂದು ಪದದೊಳಗೇ ಬರುತ್ತಾರೆ. ಕಲಬುರಗಿಯ ಬೇಸಿಗೆ ಕಂಡವರಿಗೆ ಆ ಪದ ಅಷ್ಟು ಉದ್ದವಾದದ್ದು ಅತಿ ಎನಿಸದು. ಗಿನ್ನೆಸ್ ದಾಖಲೆ ಪುಸ್ತಕ ಅದನ್ನು ಸಾಹಿತ್ಯದಲ್ಲಿ ಕಂಡ ಅತಿ ಉದ್ದದ ಪದವೆಂದು ದಾಖಲಿಸಿತು. ಅದರ ಅಳತೆ ನಾಗರಿ ಲಿಪಿಯಲ್ಲಿ 195 ಅಕ್ಷರ, ರೋಮನ್ ಲಿಪಿಗೆ ಇಳಿಸಿದರೆ 428.

ಒಂದೇ ಪದಕ್ಕೆ ಎರಡು ಲೆಕ್ಕ ಹೇಗೆ? ಇಂಗ್ಲಿಷಿನ ಆಟವನ್ನು ಹಾಗೆಯೇ ಎತ್ತಿ ಕನ್ನಡಕ್ಕೆ ತರಲಾಗದಿರುವುದಕ್ಕೂ ಕಾರಣ ಇಲ್ಲಿಯೇ ಇದೆ. ಇಂಗ್ಲಿಷಿನಲ್ಲಿ ಐದು ಅಕ್ಷರವಾದ ಖೂಬಾ ಕನ್ನಡದಲ್ಲಿ ಎರಡೇ: ಖೂ ಮತ್ತು ಬಾ. ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಕಾಗುಣಿತ, ಒತ್ತು ಎಲ್ಲ ಸೇರಿ ಒಂದೇ ಮನೆಯಲ್ಲಿ ಕೂರಬೇಕು. 'ಸ್ತ್ರೀ' ಎಂಬುದು ಪದಬಂಧದಲ್ಲಿ ಒಂದು ಮನೆ. ವ್ಯಾಕರಣದ ಮೇಷ್ಟರು ಬಿಡಿಸಿದರೆ ಸ್, ತ್, ರ್, ಈ ಎಂದು ನಾಲ್ಕು ವರ್ಣ. ಕಂಪ್ಯೂಟರಿನ ಒಳಗೆ ಎರಡು ವಿರಾಮಚಿಹ್ನೆಗಳೂ ಸೇರಿ ಆರು ಸಂಕೇತ. ಇಪ್ಪತ್ತಾರು ಅಕ್ಷರದ ಭಾಷೆಯಲ್ಲಿ ಈ ತೊಡಕಿಲ್ಲ.

ಉದ್ದಕ್ಕೂ ನಮ್ಮಲ್ಲಿ ಬೆಲೆ ಕಡಿಮೆ. 'ಓದಿಸಿಕೊಳ್ಳಲಾಗದಿದ್ದುದರಿಂದಾಗಿಯೇ' ಎಂದು ಮನೆಯಲ್ಲಿ ಅಜ್ಜಿಯೂ ಒಂದೇ ಉಸಿರಿಗೆ ಹೇಳಬಲ್ಲಳು. ಯಾವ ಪದಕೋಶವೂ ಅದಕ್ಕೆ ಜಾಗ ಕೊಡುವುದಿಲ್ಲ. ಪ್ರತ್ಯಯದ ಮೇಲೆ ಪ್ರತ್ಯಯ ಏರಿಸುವ ಭಾಷೆಯಲ್ಲಿ ಅತಿ ಉದ್ದದ ಪದ ಯಾವುದೆಂದು ಕೇಳುವುದು ಅತಿ ದೊಡ್ಡ ಸಂಖ್ಯೆ ಯಾವುದೆಂದು ಕೇಳಿದಂತೆ.

ಹಾಗಾದರೆ ಅಕ್ಷರ ಹಿಡಿದು ಪದ ಹುಡುಕುವ ಕೆಲಸ ಕನ್ನಡದಲ್ಲಿ ಇರಲೇ ಇಲ್ಲವೆ? ಇತ್ತು. ಸಾವಿರ ವರ್ಷಗಳ ಹಿಂದೆಯೇ ಇತ್ತು, ಮತ್ತು ಅದು ಆಟವಾಗಿರಲಿಲ್ಲ.

ಇಲ್ಲಿಂದ ಸೇಡಂ ದಾರಿ ಹಿಡಿದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇದು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ 'ಕವಿರಾಜಮಾರ್ಗ' ಹುಟ್ಟಿತು. ದಂಡಿಯ 'ಕಾವ್ಯಾದರ್ಶ'ವನ್ನು ಮುಂದಿಟ್ಟುಕೊಂಡು ಬರೆದ ಗ್ರಂಥವಾದರೂ ಪ್ರಾಸದ ವಿಷಯದಲ್ಲಿ ಕನ್ನಡದ್ದೇ ದಾರಿ ಹಿಡಿಯುತ್ತದೆ. ಹಳೆಯ ಕನ್ನಡ ಪದ್ಯದಲ್ಲಿ ಪ್ರಾಸ ಬರುವುದು ಸಾಲಿನ ಕೊನೆಯಲ್ಲಲ್ಲ, ಆರಂಭದಲ್ಲಿ. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಸ್ವರ ಬೇರೆಯಾದರೂ ನಡೆಯುತ್ತದೆ. ಅದರ ಹಿಂದಿನ ಅಕ್ಷರ ಹ್ರಸ್ವವೋ ದೀರ್ಘವೋ ಎಂಬುದೂ ಹೊಂದಬೇಕು. ನಾಗವರ್ಮನ 'ಛಂದೋಂಬುಧಿ'ಯ ಕಾಲಕ್ಕೆ, ಅಂದರೆ ಸುಮಾರು 990ರ ಹೊತ್ತಿಗೆ, ಈ ಭೇದಗಳು ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಪ್ರಾಣಿಗಳ ಹೆಸರು ಪಡೆದಿದ್ದವು. ಹ್ರಸ್ವದ ನಂತರ ಬಂದರೆ ಸಿಂಹ, ದೀರ್ಘದ ನಂತರ ಬಂದರೆ ಗಜ.

ಇದರ ಅರ್ಥವೇನು? ಕಂದಪದ್ಯ ಬರೆಯಲು ಕುಳಿತ ಕವಿಗೆ ಎರಡನೆಯ ಜಾಗದಲ್ಲಿ ಒಂದು ನಿರ್ದಿಷ್ಟ ವ್ಯಂಜನವಿರುವ ನಾಲ್ಕು ಪದಗಳು ಬೇಕು. ಮೊದಲ ಅಕ್ಷರ ಏನಾದರೂ ಆಗಿರಲಿ. ಅಂದರೆ ಮೊದಲ ಅಕ್ಷರ ಹಿಡಿದು ಜೋಡಿಸಿದ ಪದಕೋಶ ಅವನಿಗೂ ನಿರುಪಯೋಗಿ. ಸ್ಕ್ರ್ಯಾಬಲ್ ಆಡುವವರ ತಲೆಯಲ್ಲಿ ಇರುವಂಥದೇ ಪಟ್ಟಿಗಳು ಆ ಕವಿಗಳ ತಲೆಯಲ್ಲಿ ಇದ್ದಿರಬೇಕು. ಕ, ತ, ರ, ಲ ಇರುವ ಪದಗಳು ಬೇಕಾದಷ್ಟಿವೆ, ಅವುಗಳ ಚಿಂತೆ ಇಲ್ಲ. ಕಷ್ಟ ಬರುತ್ತಿದ್ದುದು ಅಪರೂಪದ ಅಕ್ಷರಗಳಿಗೆ. ಅವುಗಳಲ್ಲಿ ಒಂದರ ಕತೆ ಮಾತ್ರ ಇಲ್ಲಿ ಹೇಳಬೇಕು.

ಆ ಅಕ್ಷರ ೞ. ವ್ಯಾಕರಣಕಾರರು ಅದನ್ನು ರಳ ಎಂದು ಕರೆದರು. ಇಂದಿನ ಕನ್ನಡ ವರ್ಣಮಾಲೆಯಲ್ಲಿ ಅದಿಲ್ಲ. ತಮಿಳು, ಮಲಯಾಳಗಳಲ್ಲಿ ಈ ಧ್ವನಿ ಇನ್ನೂ ಜೀವಂತ; 'ತಮಿಳು' ಎಂಬ ಹೆಸರಿನ ಕೊನೆಯಲ್ಲೇ ಇದೆ. ಕನ್ನಡದಲ್ಲಿ ಒಂದು ಕಾಲಕ್ಕೆ ಇದು ದಿನನಿತ್ಯದ ಮಾತಿನ ಧ್ವನಿಯಾಗಿತ್ತು. ಮಳೆ ಎಂಬುದು ಮೞೆ, ಕೋಳಿ ಎಂಬುದು ಕೋೞಿ, ಏಳು ಎಂಬ ಸಂಖ್ಯೆ ಏೞು. ಕಮಲಾಪುರದ ಕೆಂಪು ಬಾಳೆ ಎಂದು ಮಾರುಕಟ್ಟೆಯಲ್ಲಿ ಕೇಳುತ್ತೀರಲ್ಲ, ಆ ಬಾಳೆ ಆಗ ಬಾೞೆ. ಹಳಗನ್ನಡ ಎಂಬ ಹೆಸರಿನ 'ಹಳ'ದಲ್ಲಿ ಇದ್ದುದೂ ಈ ೞಕಾರವೇ.

ಈಗ 'ಮಳೆ ಬೆಳೆ' ಎಂಬ ಜೋಡಿಮಾತನ್ನು ನೋಡಿ. ತೊಗರಿ ಬೆಳೆಯುವ ಈ ಜಿಲ್ಲೆಯಲ್ಲಿ ಇಬ್ಬರು ರೈತರು ಎದುರಾದರೆ ಮೊದಲು ಬರುವ ಮಾತು ಅದು. ಇಂದಿನ ಕಿವಿಗೆ ಇದಕ್ಕಿಂತ ಚೊಕ್ಕ ಪ್ರಾಸ ಇನ್ನೊಂದಿಲ್ಲ. ಆದರೆ ಪಂಪನ ಕಾಲದ ಲೆಕ್ಕದಲ್ಲಿ ಇದು ಪ್ರಾಸವೇ ಅಲ್ಲ. ಮಳೆಯಲ್ಲಿರುವುದು ೞ, ಬೆಳೆಯಲ್ಲಿರುವುದು ಳ. ಒಂದೇ ಪದ್ಯದ ಎರಡು ಸಾಲುಗಳ ಆರಂಭದಲ್ಲಿ ಇವನ್ನು ಕೂರಿಸಿದರೆ ತಪ್ಪು. ಬದುಕು ಎಂಬ ಅರ್ಥದ ಬಾೞ್ ಬೇರೆ, ಕತ್ತಿ ಎಂಬ ಅರ್ಥದ ಬಾಳ್ ಬೇರೆ. ಇಂದು ಎರಡಕ್ಕೂ ಒಂದೇ ಕಾಗುಣಿತ.

ಹತ್ತನೆಯ ಶತಮಾನದಿಂದಲೇ ಶಾಸನಗಳಲ್ಲಿ ಈ ೞಕಾರ ತಪ್ಪತೊಡಗುತ್ತದೆ. ಕೆಲವೆಡೆ ಳ ಆಗುತ್ತದೆ, ವ್ಯಂಜನದ ಹಿಂದೆ ಬಂದಾಗ ರ ಆಗುತ್ತದೆ. 'ಬೀಳು' ಎಂಬ ಕ್ರಿಯೆ ಭೂತಕಾಲದಲ್ಲಿ 'ಬೀಳಿದ' ಆಗದೆ 'ಬಿದ್ದ' ಏಕಾಯಿತೆಂದು ಶಾಲೆಯ ಮಕ್ಕಳು ಕೇಳುವುದುಂಟು. ಬಿೞ್ದು ಎಂಬುದು ಬಿರ್ದು ಆಗಿ, ಅದು ಬಿದ್ದು ಆಯಿತು. ಏಳು, ಎದ್ದು ಎಂಬುದರ ಕತೆಯೂ ಇದೇ. ಅಕ್ಷರ ಹೋದರೂ ಅದು ಕುಳಿತಿದ್ದ ಜಾಗದ ಗುರುತು ಹೀಗೆ ಉಳಿದಿದೆ.

ಜನರ ಬಾಯಿಂದ ಧ್ವನಿ ಹೋದ ಮೇಲೆ ಕವಿಗಳು ಏನು ಮಾಡಬೇಕು? ಇಲ್ಲಿ ಎರಡು ಪಕ್ಷಗಳಾದವು. ಹಂಪೆಯ ಹರಿಹರ 'ಗಿರಿಜಾಕಲ್ಯಾಣ'ದಲ್ಲಿ ರಳ, ಕುಳ, ಕ್ಷಳ ಎಂಬ ಭೇದಗಳಿಗೆ ತಾನು ಕಟ್ಟುಬೀಳುವುದಿಲ್ಲವೆಂದ. ಕಿವಿಗೆ ಕೇಳದ ಭೇದವನ್ನು ಓಲೆಯ ಮೇಲೆ ಏಕೆ ಹೊರಬೇಕೆಂಬುದು ಅವನ ನಿಲುವು. ಅದಕ್ಕೂ ಮೊದಲೇ ಕಲ್ಯಾಣದ ವಚನಕಾರರು ಪ್ರಾಸದ ಹಂಗನ್ನೇ ಬಿಟ್ಟಿದ್ದರು ಎಂಬುದನ್ನು ನೆನೆದರೆ ಹರಿಹರನ ಮಾತು ಆಕಾಶದಿಂದ ಬಿದ್ದದ್ದಲ್ಲ.

ಇನ್ನೊಂದು ಪಕ್ಷ ಕೇಶಿರಾಜನದು. ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ' ಬರೆದ ಈತ ಕವಿಗಳ ಮನೆತನದವನು. ತಂದೆ ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ' ಎಂಬ ಪದ್ಯಸಂಕಲನ ಮಾಡಿದವನು; ಸೋದರಮಾವ 'ಯಶೋಧರಚರಿತೆ'ಯ ಜನ್ನ. ಕನ್ನಡಕ್ಕೆ ನಲವತ್ತೇಳು ಅಕ್ಷರಗಳೆಂದು ಲೆಕ್ಕ ಹಾಕಿದ ಕೇಶಿರಾಜ ೞಕಾರವನ್ನು ಬಿಟ್ಟುಕೊಡಲಿಲ್ಲ. ಆದರೆ ಅಕ್ಷರ ಉಳಿಸಿಕೊಳ್ಳಿ ಎಂದು ಬರಿ ಹೇಳಿದರೆ ಆಗುವ ಕೆಲಸವಲ್ಲ ಅದು. ಯಾವ ಪದದಲ್ಲಿ ೞ ಇದೆ, ಯಾವುದರಲ್ಲಿ ಳ ಇದೆ ಎಂದು ಬಾಯಿಯಿಂದ ತಿಳಿಯುವ ಕಾಲ ಮುಗಿದಿತ್ತು. ಆದ್ದರಿಂದ ಅವನು ಹಳೆಯ ಕವಿಗಳ ಪ್ರಯೋಗಗಳನ್ನು ಆಧಾರವಾಗಿಟ್ಟುಕೊಂಡು ರಳವಿರುವ ಪದಗಳನ್ನು ಪಟ್ಟಿ ಮಾಡಿಕೊಟ್ಟ. ಕೊಟ್ಟ ಅಕ್ಷರ ಒಳಗಿರುವ ಪದಗಳ ಪಟ್ಟಿ! ಇಂದು ಯಂತ್ರ ಮಾಡುವ ಕೆಲಸವೇ ಅದು; ಯಂತ್ರದ ಜಾಗದಲ್ಲಿ ಒಬ್ಬ ಮನುಷ್ಯ ಮತ್ತು ಮುನ್ನೂರು ವರ್ಷಗಳ ಕಾವ್ಯ ಇದ್ದವು. ಪ್ರಾಸವೇ ಅವನಿಗೆ ಸಾಕ್ಷಿ. ಸಂಶಯದ ಪದವೊಂದು ಹಿರಿಯ ಕವಿಯ ಪದ್ಯದಲ್ಲಿ ೞಕಾರದ ಸಾಲುಗಳ ನಡುವೆ ಕುಳಿತಿದ್ದರೆ ಅದರ ಜಾತಿ ತಿಳಿದಂತೆಯೇ.

ಇಬ್ಬರಲ್ಲಿ ಗೆದ್ದವನು ಯಾರು? ನಾವು ಇಂದು ಬರೆಯುವ ಕನ್ನಡವನ್ನು ನೋಡಿದರೆ ಹರಿಹರನೇ. ಭಾಷೆ ಮಾತನಾಡುವವರ ಸ್ವತ್ತು, ಅದು ಅವರ ಹಿಂದೆಯೇ ಹೋಯಿತು. ಆದರೆ ಪಂಪನನ್ನು, ರನ್ನನನ್ನು ಓದಬೇಕಾದವನಿಗೆ ಹರಿಹರನ ಧೈರ್ಯದಿಂದ ಉಪಯೋಗವಿಲ್ಲ. ಹಸ್ತಪ್ರತಿ ಬರೆದುಕೊಂಡ ಲಿಪಿಕಾರರು ೞ, ಳ, ಱ, ರ ಎಲ್ಲವನ್ನೂ ಬೆರೆಸಿಬಿಟ್ಟಿದ್ದಾರೆ. ಸಾಲಿನಲ್ಲಿರುವುದು ಬದುಕೋ ಕತ್ತಿಯೋ, 'ಅಱಿ' ಎಂಬ ತಿಳಿವೋ 'ಅರಿ' ಎಂಬ ಕತ್ತರಿಸುವಿಕೆಯೋ ಎಂದು ಬಿಡಿಸಬೇಕಾದಾಗ ಕೈಹಿಡಿಯುವುದು ಕೇಶಿರಾಜನಂಥವರು ಮಾಡಿಟ್ಟ ಕೆಲಸ. ಒಣಪಂಡಿತನೆಂದು ಅವನನ್ನು ನಗುವವರು ಈ ಮಾತನ್ನು ಮರೆಯುತ್ತಾರೆ.

ಆ ಪಟ್ಟಿಯನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಒಬ್ಬ ಜರ್ಮನ್ ಪಾದ್ರಿ. ಫರ್ಡಿನಂಡ್ ಕಿಟೆಲ್ 1872ರಲ್ಲಿ ಮಂಗಳೂರಿನಲ್ಲಿ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿ ಅಚ್ಚು ಹಾಕಿಸಿದ. ಆಮೇಲೆ ಇಪ್ಪತ್ತೆರಡು ವರ್ಷಕ್ಕೆ, 1894ರಲ್ಲಿ, ಸುಮಾರು ಎಪ್ಪತ್ತು ಸಾವಿರ ಪದಗಳ ಅವನ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಬಳಕೆಯಿಂದ ಎಂದೋ ಬಿದ್ದುಹೋಗಿದ್ದ ಅಕ್ಷರಭೇದವನ್ನು ಆ ನಿಘಂಟು ಬಿಡದೆ ತೋರಿಸುತ್ತದೆ. ಹಳೆಯ ಕಾವ್ಯ ಓದುವ ವಿದ್ಯಾರ್ಥಿ ಇಂದಿಗೂ ಅದರ ಪುಟ ತಿರುವುವುದಕ್ಕೆ ಅದೂ ಒಂದು ಕಾರಣ.

ಈಗ ಕಂಪ್ಯೂಟರಿನ ಕಾಲ. ಕನ್ನಡದಲ್ಲೂ ಕೊಟ್ಟ ಅಕ್ಷರಗಳಿರುವ ಪದಗಳನ್ನು ಯಂತ್ರದಿಂದ ಹುಡುಕಿಸಬಹುದು. ಆದರೆ ಮೊದಲು ಹೇಳಿದ ಮೂರು ಲೆಕ್ಕಗಳಲ್ಲಿ ಯಾವುದು ಬೇಕೆಂದು ಅದಕ್ಕೆ ತಿಳಿಸಿಕೊಡಬೇಕು: ಪದಬಂಧದ ಮನೆಯೋ, ವ್ಯಾಕರಣದ ವರ್ಣವೋ, ಯಂತ್ರದ ಸಂಕೇತವೋ. ಇಂಗ್ಲಿಷಿಗೆ ಬರೆದ ಕ್ರಮವಿಧಿಯನ್ನು ಹಾಗೆಯೇ ಓಡಿಸಿದರೆ 'ಸ್ತ್ರೀ' ಆರು ಅಕ್ಷರದ ಪದವಾಗಿ ಉದ್ದದ ಪಟ್ಟಿಯ ಮೇಲಕ್ಕೆ ಏರಿ ಕೂರುತ್ತದೆ. 'ಬಾಳೆ' ಎಂದು ಹುಡುಕಿದರೆ 'ಬಾೞೆ' ಸಿಗುವುದಿಲ್ಲ, ಅದನ್ನು ಬೇರೆಯಾಗಿಯೇ ಕೇಳಬೇಕು. ಕೇಳಲು ಅಕ್ಷರವಾದರೂ ಇದೆಯೇ ಎಂದರೆ, ಇದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟ ಯೂನಿಕೋಡ್ ಪಟ್ಟಿಯಲ್ಲಿ ಱ ಮತ್ತು ೞ ಎರಡಕ್ಕೂ ಸ್ಥಾನ ಸಿಕ್ಕಿದೆ. ಆದರೆ ೞಕಾರಕ್ಕೆ ಹೆಸರಿಡುವಾಗ ಎಡವಟ್ಟಾಯಿತು. ಅದರ ಅಧಿಕೃತ ಇಂಗ್ಲಿಷ್ ಹೆಸರು 'ಕನ್ನಡ ಅಕ್ಷರ ಫ' ಎಂದಿದೆ. ಫಕಾರಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ, ಹೆಸರು ತಪ್ಪಾಗಿದೆ ಎಂಬ ಟಿಪ್ಪಣಿಯನ್ನು ಪಕ್ಕದಲ್ಲಿ ಸೇರಿಸಿ ಹಾಗೆಯೇ ಇಟ್ಟಿದ್ದಾರೆ.